ಸಿಗ್ನಲ್ ಹಾರಿದ ಸೈಕಲ್ಲಿಗೆ ಎಷ್ಟು ದಂಡ?

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಸ್ಕೂಟರ್ ಕೆಂಪು ದೀಪ ದಾಟಿದರೆ ಕ್ಯಾಮೆರಾ ಫೋಟೊ ಹಿಡಿದು 500 ರೂಪಾಯಿ ಚಲನ್ ಕಳಿಸುತ್ತದೆ. ಅದರ ಪಕ್ಕದಲ್ಲೇ ನುಸುಳಿಹೋದ ಸೈಕಲ್ಲಿಗೆ ಏನೂ ಇಲ್ಲ. ದಂಡ ಕಟ್ಟಿದವರಿಗೆ ಹೊಟ್ಟೆ ಉರಿಯುವುದು ಸಹಜ, ಅವರ ದೂರು ಸುಳ್ಳೂ ಅಲ್ಲ. ಆದರೆ ಅದಕ್ಕೆ ಅವರು ಹೇಳುವ ಮದ್ದು, ಅಂದರೆ ಇಬ್ಬರಿಗೂ ಒಂದೇ ದಂಡ ಹಾಕುವುದು, ಸರಿಯಲ್ಲ. ನಿಯಮ ಎಲ್ಲರಿಗೂ ಇರಲಿ, ಮೊತ್ತ ಬೇರೆಯಿರಲಿ ಎಂಬುದು ನನ್ನ ನಿಲುವು. ಯಾರೂ ಕೂತು ಯೋಚಿಸದೆಯೇ "ಒಂದೇ ದಂಡ" ಕಾನೂನಿನೊಳಗೆ ಸೇರಿಕೊಳ್ಳುವ ಸಾಧ್ಯತೆ ಈಗ ಇದೆ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 2(28)ರ ಪ್ರಕಾರ "ವಾಹನ" ಎಂದರೆ ಯಾಂತ್ರಿಕ ಶಕ್ತಿಯಿಂದ ರಸ್ತೆಯ ಮೇಲೆ ಓಡುವಂಥದ್ದು. ಪೆಡಲ್ ತುಳಿದು ಓಡಿಸುವ ಸೈಕಲ್ ಇದರೊಳಗೆ ಬರುವುದಿಲ್ಲ. ಸಿಗ್ನಲ್ ಹಾರುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ಬರುವುದು ಇವನ್ನೆಲ್ಲ ಅಪಾಯಕಾರಿ ಚಾಲನೆ ಎನ್ನುವ ಕಲಂ 184 ಮಾತಾಡುವುದು ಮೋಟಾರು ವಾಹನದ ಬಗ್ಗೆ ಮಾತ್ರ. ಹೆಲ್ಮೆಟ್‌ನ ಕಲಂ 194ಡಿ, ಕುಡಿದು ಓಡಿಸುವುದರ ಕಲಂ 185 ಕೂಡ ಅಷ್ಟೇ. ಹೀಗಾಗಿ ಸೈಕಲ್‌ನವರನ್ನು ಹಿಡಿದರೂ ಪೊಲೀಸರ ಕೈಯಲ್ಲಿ ಬರೆದುಕೊಡಲು ಚಲನ್ ಇರುವುದಿಲ್ಲ. ಹಿಂದಿನಿಂದ ನಡೆದುಬಂದದ್ದು ಕಿವಿಮಾತು, ಇಲ್ಲವೇ ವಾಲ್ವ್ ಬಿಚ್ಚಿ ಗಾಳಿ ಬಿಡುವುದು. ಡಬಲ್ ರೈಡ್ ಹೊರಟವರಿಗೆ, ರಾತ್ರಿ ಡೈನಮೊ ದೀಪ ಇಲ್ಲದವರಿಗೆ ಊರೂರಲ್ಲೂ ಈ ಶಾಸ್ತಿ ಆಗಿದೆ. ಗಾಳಿ ಬಿಡುವ ಶಿಕ್ಷೆ ಯಾವ ಕಾಯ್ದೆಯಲ್ಲೂ ಇಲ್ಲ ಎಂಬುದು ಬೇರೆ ಮಾತು.

ಹಾಗಂತ ಸೈಕಲ್ ಸವಾರ ಕಾನೂನಿನ ಹೊರಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ನೋಡಿ. ಜೀವಕ್ಕೆ ಅಪಾಯವಾಗುವಂತೆ ಸಾರ್ವಜನಿಕ ರಸ್ತೆಯಲ್ಲಿ "ಯಾವುದೇ ವಾಹನ" ಓಡಿಸಿದರೆ ಆರು ತಿಂಗಳವರೆಗೆ ಸೆರೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲಿ ಮೋಟಾರು ಎಂಬ ಪದವೇ ಇಲ್ಲ. ಸೈಕಲ್ ಗುದ್ದಿ ಪಾದಚಾರಿಗೆ ತೀವ್ರ ಗಾಯವಾದರೆ ಕಲಂ 125ರಡಿ ಮೂರು ವರ್ಷದವರೆಗೆ ಸೆರೆ, ಸಾವಾದರೆ ಕಲಂ 106(1)ರಡಿ ಐದು ವರ್ಷದವರೆಗೆ. ಕಾರಿನವನಿಗೂ ಇದೇ ಕಲಂ, ಇದೇ ಅವಧಿ. ಅನಾಹುತ ಆದಮೇಲೆ ಬರುವ ಶಿಕ್ಷೆಯಲ್ಲಿ ಸಮಾನತೆ ಈಗಾಗಲೇ ಇದೆ. ಇಲ್ಲದಿರುವುದು ಅನಾಹುತಕ್ಕೆ ಮುಂಚಿನ ಸಣ್ಣ ದಂಡ ಒಂದೇ.

ಆ ಸಣ್ಣ ದಂಡಕ್ಕೆ ದಾರಿ ತೆರೆದದ್ದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ. ಅದು ಕಲಂ 138ಕ್ಕೆ (1ಎ) ಎಂಬ ಉಪಕಲಂ ಸೇರಿಸಿತು. ರಸ್ತೆ ಸುರಕ್ಷತೆಗಾಗಿ ಮೋಟಾರಿಲ್ಲದ ವಾಹನಗಳ ಮತ್ತು ಪಾದಚಾರಿಗಳ ಚಟುವಟಿಕೆ ಹಾಗೂ ರಸ್ತೆ ಪ್ರವೇಶವನ್ನು ನಿಯಂತ್ರಿಸುವ ನಿಯಮಗಳನ್ನು ರಾಜ್ಯ ಸರ್ಕಾರಗಳು ಮಾಡಬಹುದು ಎನ್ನುತ್ತದೆ ಅದು. ವರ್ಷಗಟ್ಟಲೆ ಹೆಚ್ಚಿನವರು ಅದರತ್ತ ತಿರುಗಿ ನೋಡಲಿಲ್ಲ. 2025ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್, ಈ ನಿಯಮಗಳನ್ನು ಇನ್ನೂ ಮಾಡದ ರಾಜ್ಯಗಳು ಆರು ತಿಂಗಳೊಳಗೆ ಮಾಡಬೇಕೆಂದು ಆದೇಶಿಸಿತು. ರಸ್ತೆ ವಿನ್ಯಾಸದ ಮಾನದಂಡಗಳಿಗೆ ಸಂಬಂಧಿಸಿದ ಕಲಂ 210ಡಿ ನಿಯಮಗಳಿಗೂ ಅದೇ ಗಡುವು.

ಇಲ್ಲೊಂದು ಸಿಕ್ಕು ಇದೆ. 138(1ಎ) ಅಡಿ ನಿಯಮ ಬರೆದು ಅದರಲ್ಲಿ ದಂಡದ ಮಾತೆತ್ತದೆ ಬಿಟ್ಟರೆ ಏನಾಗುತ್ತದೆ? ಕಲಂ 177 ತಾನಾಗಿ ಅನ್ವಯವಾಗುತ್ತದೆ. ಈ ಕಾಯ್ದೆಯನ್ನಾಗಲಿ ಇದರಡಿಯ ನಿಯಮವನ್ನಾಗಲಿ ಯಾರು ಮೀರಿದರೂ, ಬೇರೆ ದಂಡ ಹೇಳಿಲ್ಲದಿದ್ದರೆ, ಮೊದಲ ಸಲ 500 ರೂಪಾಯಿವರೆಗೆ, ಆಮೇಲೆ 1,500 ರೂಪಾಯಿವರೆಗೆ ಎನ್ನುತ್ತದೆ ಆ ಕಲಂ. 184ರಲ್ಲಿರುವ ಮೋಟಾರಿನ ಷರತ್ತು ಇದರಲ್ಲಿಲ್ಲ. ಅಂದರೆ ಆರು ಸಾವಿರದ ಸೈಕಲ್ಲಿಗೂ ಒಂದು ಲಕ್ಷದ ಸ್ಕೂಟರಿಗೂ ಒಂದೇ ಮೊತ್ತ. ಯಾವ ಚರ್ಚೆಯೂ ಇಲ್ಲದೆ, ಬರೆಯುವವರ ಮರೆವಿನಿಂದ.

ತಪ್ಪಿಸುವುದು ಕಷ್ಟವಲ್ಲ. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ ಇರುವುದು ಕಲಂ 200ರಲ್ಲಿ. ಆ ಮೊತ್ತವನ್ನು ಅಧಿಸೂಚನೆ ಹೊರಡಿಸಿ ನಿಗದಿ ಮಾಡುವುದು ರಾಜ್ಯ ಸರ್ಕಾರ. ಹೆಲ್ಮೆಟ್ಟಿಗೆ ಕೇಂದ್ರದ ಕಾಯ್ದೆ 1,000 ಎಂದರೂ ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲಿ ಅದನ್ನು 500ಕ್ಕೆ ಇಳಿಸಿದ್ದು ಈ ದಾರಿಯಲ್ಲೇ. ಸೈಕಲ್ಲಿಗೆ ಪ್ರತ್ಯೇಕ ಸಾಲು ಹಾಕಿ 50 ಅಥವಾ 100 ಎಂದು ಬರೆಯಲು ಕಾಯ್ದೆ ತಿದ್ದುವ ಅಗತ್ಯವಿಲ್ಲ.

ಕಡಿಮೆ ಯಾಕೆ ಇರಬೇಕು? ಬಡವರ ವಾಹನ, ಪಾಪ, ಎಂಬ ವಾದ ನನಗೆ ಸಾಲದು. ಸೈಕಲ್ ಓಡಿಸುವವರೆಲ್ಲ ಬಡವರಲ್ಲ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ದಾರಿಯಲ್ಲಿ ಸ್ಕೂಟರಿಗಿಂತ ದುಬಾರಿ ಸೈಕಲ್‌ಗಳು ಸಾಲುಗಟ್ಟಿ ಹೋಗುತ್ತವೆ. ನನ್ನ ಲೆಕ್ಕ ಗುದ್ದಿನ ಬಲದ್ದು. ಸವಾರನೂ ಸೇರಿ 85 ಕಿಲೋ ತೂಗುವ ಸೈಕಲ್ ಗಂಟೆಗೆ 18 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 1,060 ಜೂಲ್. ಸವಾರ ಸೇರಿ 190 ಕಿಲೋ ಇರುವ ಬೈಕ್ 45 ಕಿ.ಮೀ. ವೇಗದಲ್ಲಿ ಸುಮಾರು 14,800 ಜೂಲ್, 1,300 ಕಿಲೋ ಕಾರು 50 ಕಿ.ಮೀ. ವೇಗದಲ್ಲಿ ಸುಮಾರು 1,25,000 ಜೂಲ್. ಸೈಕಲ್ಲಿಗೆ ಹೋಲಿಸಿದರೆ ಬೈಕ್ 14 ಪಟ್ಟು, ಕಾರು 118 ಪಟ್ಟು. ಒಂದೇ ಕೆಂಪು ದೀಪವನ್ನು ಮೂವರೂ ದಾಟಿದಾಗ ಎದುರಿಗೆ ಬರುವವರ ಮೇಲೆ ಹೇರುವ ಅಪಾಯ ಒಂದೇ ಅಲ್ಲ. ಸೈಕಲ್ಲಿನವನ ತಪ್ಪಿಗೆ ಮೊದಲು ಬೆಲೆ ತೆರುವುದೂ ಸಾಮಾನ್ಯವಾಗಿ ಅವನ ಮೈಯೇ.

ಇದೇನೂ ಹೊಸ ತತ್ತ್ವವಲ್ಲ. ನಮ್ಮ ಕಾಯ್ದೆಯ ಕಲಂ 183ರಲ್ಲೇ ಅತಿವೇಗಕ್ಕೆ ಲಘು ವಾಹನಕ್ಕೆ 1,000ದಿಂದ 2,000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ಎಂದಿದೆ. ಲಾರಿಗೂ ಕಾರಿಗೂ ದಂಡ ಬೇರೆ ಎಂದು ಯಾರೂ ತಕರಾರು ತೆಗೆದಿಲ್ಲ. ಅದೇ ಏಣಿಯ ಕೆಳಗಿನ ಮೆಟ್ಟಿಲು ಸೈಕಲ್.

ಬೇರೆ ದೇಶಗಳು ಇದನ್ನು ಹೇಗೆಲ್ಲ ಮಾಡಿ ನೋಡಿವೆ ಎಂಬುದು ಇನ್ನೂ ಕುತೂಹಲದ್ದು. ಸ್ವಿಟ್ಜರ್ಲೆಂಡಿನಲ್ಲಿ ಕೆಂಪು ದೀಪ ದಾಟಿದ ಕಾರಿಗೆ 250 ಫ್ರಾಂಕ್, ಸೈಕಲ್ಲಿಗೆ 60. ಜರ್ಮನಿಯಲ್ಲಿ ಕಾರಿಗೆ 90 ಯೂರೊ, ಸೈಕಲ್ಲಿಗೆ 60. ದೀಪ ಕೆಂಪಾಗಿ ಒಂದು ಸೆಕೆಂಡ್ ಕಳೆದಿದ್ದರೆ ಕಾರಿಗೆ 200 ಯೂರೊ ಜೊತೆಗೆ ಒಂದು ತಿಂಗಳು ಚಾಲನೆ ನಿಷೇಧ, ಸೈಕಲ್ಲಿಗೆ 100. ನೆದರ್‌ಲ್ಯಾಂಡ್ಸ್ 2019ರ ಜುಲೈ 1ರಂದು ಸೈಕಲ್ ಮೇಲೆ ಕೈಯಲ್ಲಿ ಮೊಬೈಲ್ ಹಿಡಿಯುವುದನ್ನು ನಿಷೇಧಿಸಿದಾಗ ಇಟ್ಟ ದಂಡ 95 ಯೂರೊ, ಕಾರಿನವರಿಗೆ ಆಗ 240. ನಿಯಮ ಒಂದೇ, ಮೊತ್ತ ಬೇರೆ.

ಜಪಾನ್ ಮಾಡಿರುವುದು ಇನ್ನೂ ಚೊಕ್ಕ. 2024ರಲ್ಲಿ ಕಾಯ್ದೆ ತಿದ್ದಿ, 2026ರ ಏಪ್ರಿಲ್ 1ರಿಂದ ಸೈಕಲ್ ಸವಾರರಿಗೂ ಸ್ಥಳದಲ್ಲೇ ದಂಡದ ಚೀಟಿ ಎಂದು ಗೊತ್ತುಮಾಡಿತು. ಕೆಂಪು ದೀಪಕ್ಕೆ 6,000 ಯೆನ್, ಮೊಬೈಲಿಗೆ 12,000, ಬ್ರೇಕ್ ಇಲ್ಲದ ಸೈಕಲ್ಲಿಗೆ 5,000, ಜೋಡಿಯಾಗಿ ಅಕ್ಕಪಕ್ಕ ಹೋದರೆ 3,000. ಇವು ಸಣ್ಣ ಮೊಪೆಡ್‌ಗಳ ದರಕ್ಕೆ ಸಮ. ಕಾರಿಗೆ ಕೆಂಪು ದೀಪಕ್ಕೆ 9,000, ಮೊಬೈಲಿಗೆ 18,000. ಅದಕ್ಕಿಂತ ಮುಖ್ಯವಾದದ್ದು, ಚೀಟಿ 16 ವರ್ಷ ತುಂಬಿದವರಿಗೆ ಮಾತ್ರ. ಕುಡಿದು ಸೈಕಲ್ ಓಡಿಸುವಂಥ ಗಂಭೀರ ತಪ್ಪು ಚೀಟಿಯಲ್ಲಿ ಮುಗಿಯುವುದಿಲ್ಲ, ನೇರ ಕ್ರಿಮಿನಲ್ ಪ್ರಕರಣವಾಗುತ್ತದೆ.

ಸಮಾನ ದಂಡ ಹಾಕಿ ನೋಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2016ರ ಮಾರ್ಚ್ 1ರಂದು ಸೈಕಲ್ ಸವಾರರ ಕೆಂಪು ದೀಪದ ದಂಡವನ್ನು 71 ಡಾಲರಿನಿಂದ ಒಮ್ಮೆಲೇ ಕಾರಿನಷ್ಟೇ 425ಕ್ಕೆ ಏರಿಸಿತು. ಹೆಲ್ಮೆಟ್ ಇಲ್ಲದಿದ್ದರೆ 71 ಇದ್ದದ್ದು 319 ಆಯಿತು. ಆದದ್ದೇನು? ಅಲ್ಲಿ ಬರೆದ ಚೀಟಿಗಳಲ್ಲಿ ಹೆಚ್ಚಿನವು ಹೆಲ್ಮೆಟ್ಟಿನವು. ಬೇರೆಯವರಿಗೆ ಅಪಾಯ ತರುವ ತಪ್ಪು ಹಿಡಿಯಲು ಪೊಲೀಸರು ಜಂಕ್ಷನ್‌ನಲ್ಲಿ ಕಾದು ನಿಂತು ಬೆನ್ನಟ್ಟಬೇಕು. ಹೆಲ್ಮೆಟ್ ಇಲ್ಲದ ತಲೆ ದೂರದಿಂದಲೇ ಕಾಣುತ್ತದೆ. ದಂಡ ದೊಡ್ಡದಾದಷ್ಟೂ ಹಿಡಿಯಲು ಸುಲಭವಾದ ತಪ್ಪಿನ ಕಡೆಗೇ ಕೈ ಹೋಗುತ್ತದೆ. ನಮ್ಮಲ್ಲೂ ಬೇರೆ ಆಗುತ್ತದೆಂದು ನಂಬಲು ನನಗೆ ಕಾರಣ ಸಿಗುತ್ತಿಲ್ಲ. ನ್ಯೂಯಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಕೆಂಪು ದೀಪದ ಮೊತ್ತ ಮೊದಲಿನಿಂದಲೂ ಇಬ್ಬರಿಗೂ 190 ಡಾಲರ್. 2025ರ ಏಪ್ರಿಲ್ ಕೊನೆಯಿಂದ ಪೊಲೀಸರು ಸೈಕಲ್ ಸವಾರರಿಗೆ ಚೀಟಿಯ ಬದಲು ಕ್ರಿಮಿನಲ್ ಕೋರ್ಟಿನ ಸಮನ್ಸ್ ಕೊಡತೊಡಗಿದರು. ಅದೇ ತಪ್ಪಿಗೆ ಕಾರಿನವನು ಅಂಚೆಯಲ್ಲಿ ದಂಡ ಕಳಿಸಿ ಮನೆಯಲ್ಲಿ ಕೂರಬಹುದಿತ್ತು, ಸೈಕಲ್ಲಿನವನು ನ್ಯಾಯಾಧೀಶರ ಮುಂದೆ ನಿಲ್ಲಬೇಕಿತ್ತು.

ದಂಡ ವಸೂಲಿಯ ಕಷ್ಟ ಇಲ್ಲಿ ಇನ್ನೂ ಹೆಚ್ಚು. ನಮ್ಮ ಕ್ಯಾಮೆರಾ ಚಲನ್‌ಗಳು ನಿಂತಿರುವುದೇ ನಂಬರ್ ಪ್ಲೇಟಿನ ಮೇಲೆ. ಪ್ಲೇಟ್ ಓದಿ, "ವಾಹನ್" ಎಂಬ ನೋಂದಣಿ ದಾಖಲೆಯಲ್ಲಿ ಮಾಲೀಕರನ್ನು ಹುಡುಕಿ ನೋಟಿಸ್ ಹೋಗುತ್ತದೆ. ಪೊಲೀಸರ ಕೈಯ ಯಂತ್ರವೂ ಕೇಳುವುದು ವಾಹನದ ನಂಬರ್ ಇಲ್ಲವೇ ಡಿಎಲ್ ನಂಬರ್. ಸೈಕಲ್ಲಿಗೆ ಎರಡೂ ಇಲ್ಲ. "ಹಾಗಾದರೆ ಸೈಕಲ್ಲಿಗೂ ಪ್ಲೇಟ್ ಹಾಕಿ" ಎನ್ನುವವರು ನಮ್ಮಲ್ಲೇ ಹಿಂದೆ ಪುರಸಭೆ, ಪಂಚಾಯಿತಿಗಳು ಸೈಕಲ್ ತೆರಿಗೆ ಕಟ್ಟಿಸಿಕೊಂಡು ಬಿಲ್ಲೆ ಕೊಡುತ್ತಿದ್ದುದನ್ನು ನೆನೆಯಬೇಕು. ಆ ಪದ್ಧತಿ ತಾನಾಗಿಯೇ ಸತ್ತಿತು. ಸ್ವಿಟ್ಜರ್ಲೆಂಡ್ ಕೂಡ ಪ್ರತಿ ಸೈಕಲ್ಲಿಗೂ ವರ್ಷಕ್ಕೊಂದು ವಿಮಾ ಸ್ಟಿಕರ್ ಅಂಟಿಸುವ ಪದ್ಧತಿಯನ್ನು 2012ರಲ್ಲಿ ಕೈಬಿಟ್ಟಿತು. ಲಕ್ಷಾಂತರ ಸೈಕಲ್‌ಗಳ ಪಟ್ಟಿ ಇಟ್ಟುಕೊಳ್ಳುವ ಖರ್ಚು, ಕೈ ಬದಲಾದಾಗ ಹೆಸರು ಬದಲಿಸುವ ತಲೆನೋವು, ಇವೆರಡರ ಮುಂದೆ 100 ರೂಪಾಯಿಯ ದಂಡ ಏನೂ ಅಲ್ಲ. ಉಳಿಯುವ ದಾರಿ ಒಂದೇ: ಸಿಬ್ಬಂದಿ ಸ್ಥಳದಲ್ಲೇ ನಿಲ್ಲಿಸಿ, ಹೆಸರು ಮತ್ತು ಮೊಬೈಲ್ ನಂಬರ್ ಪಡೆದು ರಸೀದಿ ಕೊಡುವುದು. ಸೈಕಲ್ ಜಪ್ತಿ ಮಾಡುವ ಅಧಿಕಾರ ಮಾತ್ರ ಕೊಡಬಾರದು. ಠಾಣೆಯಿಂದ ಬಿಡಿಸಿಕೊಳ್ಳಲು ಎರಡು ದಿನ ಕೂಲಿ ಬಿಡಬೇಕಾದರೆ ಸೈಕಲ್‌ನವನು ಅದನ್ನು ಅಲ್ಲೇ ಬಿಟ್ಟು ಹೋಗುತ್ತಾನೆ.

ಯಾವ ತಪ್ಪಿಗೆ ದಂಡ ಬೇಕೇ ಬೇಕು? ನನ್ನ ಪಟ್ಟಿಯಲ್ಲಿ ಮೊದಲು ರಾಂಗ್ ಸೈಡ್. ಗಂಟೆಗೆ 40 ಕಿ.ಮೀ. ವೇಗದ ಬೈಕಿನ ಎದುರಿಗೆ 15 ಕಿ.ಮೀ. ವೇಗದಲ್ಲಿ ಸೈಕಲ್ ಬಂದರೆ ಇಬ್ಬರೂ 55ರಲ್ಲಿ ಹತ್ತಿರವಾಗುತ್ತಾರೆ. ಅದೇ ದಿಕ್ಕಿನಲ್ಲಿದ್ದರೆ ವ್ಯತ್ಯಾಸ 25 ಮಾತ್ರ. ಡಿಕ್ಕಿಯ ತೀವ್ರತೆ ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುವುದರಿಂದ ಇದು ಹೆಚ್ಚುಕಡಿಮೆ ಐದು ಪಟ್ಟು. ಅದಕ್ಕೂ ಮಿಗಿಲಾಗಿ, ಎಡಗಡೆಯ ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಸೇರುವವರು ನೋಡುವುದು ಬಲಕ್ಕೆ. ಎಡದಿಂದ ಎದುರಾಗುವ ಸೈಕಲ್ ಅವರ ಕಣ್ಣಿಗೇ ಬೀಳುವುದಿಲ್ಲ. ಆದರೆ ಹೊರವರ್ತುಲ ರಸ್ತೆಯಂಥ ಕಡೆ ಡಿವೈಡರ್ ಒಂದು ಕಿ.ಮೀ. ದೂರ ತೆರೆಯದೇ ಹೋದರೆ, ಎದುರಿನ ಅಂಗಡಿಗೆ ಹೋಗಲು ಎರಡು ಕಿ.ಮೀ. ಸುತ್ತಬೇಕು, ಸೈಕಲ್ಲಿನಲ್ಲಿ ಎಂಟು ನಿಮಿಷ. ಅಂಥ ಜಾಗದಲ್ಲಿ ದಂಡದ ಬೋರ್ಡು ನೆಡುವ ಮೊದಲು ಸೈಕಲ್ ತಳ್ಳಿಕೊಂಡು ದಾಟುವಷ್ಟು ಅಗಲದ ತೆರವು ಕೊಡಬೇಕು. ಸುಪ್ರೀಂ ಕೋರ್ಟ್ 138(1ಎ) ನಿಯಮ ಮತ್ತು ರಸ್ತೆ ವಿನ್ಯಾಸದ ನಿಯಮ ಎರಡನ್ನೂ ಒಟ್ಟಿಗೆ ಕೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಎರಡನೆಯದು ರಾತ್ರಿ ದೀಪ ಇಲ್ಲದಿರುವುದು. ಇದಕ್ಕೆ ದಂಡಕ್ಕಿಂತ ದೀಪವೇ ಮುಖ್ಯ. ಹಾಗಾಗಿ ಏಳು ದಿನದಲ್ಲಿ ದೀಪ ಹಾಕಿಸಿ ಯಾವುದೇ ಠಾಣೆಯಲ್ಲಿ ತೋರಿಸಿದರೆ ದಂಡ ಮನ್ನಾ ಎಂದು ಬರೆಯಬೇಕು. ಮುಂದೆ ಬಿಳಿ, ಹಿಂದೆ ಕೆಂಪು, ಚಾರ್ಜ್ ಮಾಡುವ ಎಲ್‌ಇಡಿ ಜೋಡಿ ಸಾಕು. ಹಿಂದಿನ ದೀಪವನ್ನು ಸೀಟಿನ ಕಂಬಕ್ಕೆ ಕಟ್ಟಿ, ಮೇಲೆ ಜರ್ಕಿನ್ನೋ ಚೀಲವೋ ಜೋತುಬಿದ್ದು ಮುಚ್ಚಿಕೊಂಡರೆ ದೀಪ ಇದ್ದೂ ಇಲ್ಲದಂತೆ. ಕ್ಯಾರಿಯರ್ ಇರುವ ಸೈಕಲ್ಲಿಗೆ ಕ್ಯಾರಿಯರಿನ ಹಿಂತುದಿಯೇ ಸರಿಯಾದ ಜಾಗ. ಮುಂದಿನ ದೀಪದ ಬೆಳಕು ಐದಾರು ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ಬಗ್ಗಿಸಬೇಕು. ಇಲ್ಲದಿದ್ದರೆ ಗುಂಡಿಯೂ ಕಾಣದು, ಎದುರಿನವರ ಕಣ್ಣಿಗೂ ಹೊಡೆಯುತ್ತದೆ. ಬೀದಿದೀಪ ಇಲ್ಲದ ರಸ್ತೆಯಲ್ಲಿ ಮಿಣುಕುವ ಮೋಡ್ ಬೇಡ, ಮಿಣುಕುವ ಬೆಳಕು ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗುವುದಿಲ್ಲ.

ಮೂರನೆಯದು ಬ್ರೇಕ್. ಎರಡೂ ಬ್ರೇಕ್ ಕೆಲಸ ಮಾಡಲೇಬೇಕು ಎಂಬ ಒಂದು ಸಾಲು ನಿಯಮದಲ್ಲಿರಲಿ. ಲಂಡನ್ನಿನಲ್ಲಿ 2016ರಲ್ಲಿ ಮುಂದಿನ ಬ್ರೇಕ್ ಇಲ್ಲದ ಫಿಕ್ಸೆಡ್ ಗೇರ್ (ಚಕ್ರದ ಜೊತೆ ಪೆಡಲೂ ತಿರುಗುತ್ತಲೇ ಇರುವ) ಸೈಕಲ್ ಗುದ್ದಿ ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಸವಾರನ ಮೇಲೆ ಹೊರಿಸಲು ತಕ್ಕ ಕಲಂ ಸಿಗದೆ, ಕುದುರೆಗಾಡಿ ಕಾಲದ 1861ರ ಕಾಯ್ದೆಯನ್ನು ಹುಡುಕಿ ತೆಗೆದು 18 ತಿಂಗಳ ಶಿಕ್ಷೆ ಕೊಡಿಸಬೇಕಾಯಿತು. ನಮ್ಮ ಮಾಮೂಲಿ ರಾಡ್ ಬ್ರೇಕಿನ ಸೈಕಲ್‌ಗಳಲ್ಲಿ ತೊಂದರೆ ಬೇರೆ ಥರ. ಸ್ಟೀಲ್ ರಿಮ್ ಮಳೆಯಲ್ಲಿ ನೆನೆದರೆ ರಬ್ಬರ್ ಜಾರುತ್ತದೆ, ನಿಲ್ಲಲು ಬೇಕಾದ ದೂರ ವಿಪರೀತ ಹೆಚ್ಚುತ್ತದೆ. ಪರೀಕ್ಷೆ ಸುಲಭ: ಮುಂದಿನ ಬ್ರೇಕ್ ಪೂರ್ತಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಚಕ್ರ ಉರುಳಿದರೆ ರಬ್ಬರ್ ಬದಲಿಸುವ ಹೊತ್ತಾಗಿದೆ ಎಂದರ್ಥ. ಲಿವರ್ ಹ್ಯಾಂಡಲಿಗೆ ತಾಗುತ್ತಿದ್ದರೂ ಅಷ್ಟೇ.

ಕೆಂಪು ದೀಪವನ್ನು ನಾನು ನಾಲ್ಕನೆಯದಾಗಿ ಇಡುತ್ತೇನೆ, ಕೆಲವರಿಗೆ ಇದು ಹಿಡಿಸದು. ಕಾರಣ ಇದೆ. ಹಳದಿ ದೀಪದ ಮೂರು ಸೆಕೆಂಡ್ ಲೆಕ್ಕ ಹಾಕಿರುವುದು ಮೋಟಾರು ವಾಹನಕ್ಕೆ. 30 ಮೀಟರ್ ಅಗಲದ ಜಂಕ್ಷನ್ನನ್ನು 40 ಕಿ.ಮೀ. ವೇಗದ ಬೈಕ್ ಮೂರು ಸೆಕೆಂಡಿನೊಳಗೆ ದಾಟುತ್ತದೆ, 18 ಕಿ.ಮೀ. ವೇಗದ ಸೈಕಲ್ಲಿಗೆ ಆರು ಸೆಕೆಂಡ್ ಬೇಕು. ಹಸಿರಿನ ಕೊನೆಯಲ್ಲಿ ನಿಯಮದಂತೆಯೇ ಒಳಗೆ ಬಂದ ಸೈಕಲ್, ಅಡ್ಡ ದಿಕ್ಕಿನವರು ಹೊರಡುವಾಗ ನಡುವೆಯೇ ಇರುತ್ತದೆ. ನೋಡಿದವರಿಗೆ ಅದು ಸಿಗ್ನಲ್ ಹಾರಿದಂತೆ ಕಾಣುತ್ತದೆ. ಹಾಗಾಗಿ ನಿಯಮದಲ್ಲಿ ತಪ್ಪನ್ನು "ದೀಪ ಕೆಂಪಾದ ಮೇಲೆ ನಿಲುಗಡೆ ಗೆರೆ ದಾಟುವುದು" ಎಂದು ಬಿಡಿಸಿ ಬರೆಯಬೇಕು. ಅಮೆರಿಕದ ಐಡಹೊ ರಾಜ್ಯ 1982ರಿಂದಲೂ, ಸೈಕಲ್ಲಿನವರು ಸ್ಟಾಪ್ ಬೋರ್ಡಿನಲ್ಲಿ ನಿಧಾನಿಸಿ ದಾರಿ ಬಿಟ್ಟುಕೊಟ್ಟು ಹೋಗಬಹುದು ಎಂದು ಕಾನೂನಿನಲ್ಲೇ ಬರೆದಿದೆ. ನಮ್ಮ ಜಂಕ್ಷನ್‌ಗಳಿಗೆ ಅಷ್ಟು ಸಡಿಲ ನಾನು ಕೇಳುವುದಿಲ್ಲ.

ಮಕ್ಕಳ ವಿಷಯ ಮರೆಯುವಂತಿಲ್ಲ. ಕರ್ನಾಟಕದಲ್ಲಿ 2006–07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯವರಿಗಿತ್ತು. 13 ವರ್ಷದ ಹುಡುಗಿಗೆ ಸರ್ಕಾರವೇ ಸೈಕಲ್ ಕೊಟ್ಟು, ಅದೇ ಸರ್ಕಾರ ಚಲನ್ ಹರಿಯುವುದು ಚೆನ್ನಾಗಿರುವುದಿಲ್ಲ. ಜಪಾನಿನ 16ರ ಗೆರೆ ಇಲ್ಲೂ ಬರಲಿ, ಅದಕ್ಕಿಂತ ಚಿಕ್ಕವರಿಗೆ ಎಚ್ಚರಿಕೆ ಮಾತ್ರ.

ಬ್ಯಾಟರಿ ಸೈಕಲ್‌ಗಳದು ಇನ್ನೊಂದು ಗೋಜಲು. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ ಇದ್ದು, 25 ಕಿ.ಮೀ. ವೇಗದಲ್ಲಿ ಮೋಟಾರ್ ತಾನಾಗಿ ನಿಲ್ಲುವ ಪೆಡಲ್ ಸೈಕಲ್ ಕೇಂದ್ರದ ನಿಯಮದಂತೆ ಮೋಟಾರು ವಾಹನವಲ್ಲ. ಅದರ ಕಂಟ್ರೋಲರ್ ತಿದ್ದಿ 40ರಲ್ಲಿ ಓಡಿಸಿದರೆ ಅದು ಸೈಕಲ್ ಅಲ್ಲ, ನೋಂದಣಿಯಿಲ್ಲದ ಮೋಟಾರು ವಾಹನ. ಅಂಥವರಿಗೆ ಸೈಕಲ್ಲಿನ ರಿಯಾಯಿತಿ ದರ ಅನ್ವಯಿಸದೆಂದು ಸ್ಪಷ್ಟವಾಗಿ ಬರೆಯದಿದ್ದರೆ ಇಡೀ ಪಟ್ಟಿ ಅವರ ಪಾಲಾಗುತ್ತದೆ.

ದಂಡವೇ ಇಲ್ಲವೆಂದು ನಿರಾಳವಾಗಿರುವ ಸವಾರರು ಇದನ್ನೂ ತಿಳಿದಿರಬೇಕು. ಮೋಟಾರು ವಾಹನ ಗುದ್ದಿ ನೀವು ಕಲಂ 166ರಡಿ ಪರಿಹಾರ ಕೇಳಿದಾಗ, ನೀವು ರಾಂಗ್ ಸೈಡಿನಲ್ಲಿದ್ದಿರಿ ಎಂದು ಸಾಬೀತಾದರೆ ನ್ಯಾಯಮಂಡಳಿ ನಿಮ್ಮ ತಪ್ಪಿನ ಪಾಲನ್ನು ಮುರಿದುಕೊಳ್ಳಬಹುದು. 10 ಲಕ್ಷದ ಪರಿಹಾರದಲ್ಲಿ ಶೇ. 25 ನಿಮ್ಮ ಪಾಲೆಂದರೆ ಕೈಬಿಟ್ಟು ಹೋಗುವುದು 2.5 ಲಕ್ಷ. ನಿಮ್ಮ ಸೈಕಲ್ ಇನ್ನೊಬ್ಬರಿಗೆ ಗುದ್ದಿದರೆ ವಿಮಾ ಕಂಪನಿ ಬರುವುದಿಲ್ಲ, ಸಿವಿಲ್ ದಾವೆಯಲ್ಲಿ ಸ್ವಂತ ಜೇಬಿನಿಂದಲೇ ಕೊಡಬೇಕು.

ರಾಜ್ಯದ ನಿಯಮಗಳ ಕರಡು ಬಂದಾಗ ಅದರಲ್ಲಿ ನಾನು ಮೊದಲು ಹುಡುಕುವ ಪದ "ಪ್ರವೇಶ". 138(1ಎ)ಯಲ್ಲಿರುವ ಆ ಪದ ಹಿಡಿದು ಸೈಕಲ್ಲನ್ನು ರಸ್ತೆಯಿಂದಲೇ ಹೊರಗಿಡಬಹುದು. ಕೋಲ್ಕತ್ತ ಪೊಲೀಸರು ಬೇರೆ ಅಧಿಕಾರ ಬಳಸಿ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದ್ದರು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಿಂದ 2023ರ ಆಗಸ್ಟ್ 1ರಿಂದ ಬೈಕ್, ಆಟೊಗಳ ಜೊತೆ ಸೈಕಲ್ ಕೂಡ ಹೊರಗಾಗಿದೆ. ಅಲ್ಲಿ ಸರ್ವಿಸ್ ರಸ್ತೆ ಇದೆ ಎಂಬ ಸಮಾಧಾನವಿದೆ. ನಗರದೊಳಗಿನ ರಸ್ತೆಗೆ ಬದಲಿ ದಾರಿಯ ನಕ್ಷೆ ಜೊತೆಗಿಲ್ಲದೆ ನಿಷೇಧ ಕೂಡದು ಎಂಬ ಷರತ್ತನ್ನು ನಿಯಮದಲ್ಲೇ ಕೇಳಬೇಕು.

ಕಲಂ 212ರ ಪ್ರಕಾರ ಈ ನಿಯಮಗಳನ್ನು ಅಂತಿಮಗೊಳಿಸುವ ಮುನ್ನ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ಬರೆಯುವವರು "ಸೈಕಲ್ ಸವಾರರಿಗೆ ಅನ್ಯಾಯ" ಎಂದು ಎರಡು ಪುಟ ಬರೆಯುವ ಬದಲು ಕರಡಿನ ನಿಯಮ ಸಂಖ್ಯೆ, ಅಲ್ಲಿರುವ ಸಾಲು, ಅದರ ಬದಲಿಗೆ ಬೇಕಾದ ಸಾಲು, ಈ ಮೂರನ್ನು ಒಂದರ ಕೆಳಗೊಂದು ಬರೆದು ಕೊಡಿ. ಕಡತ ನೋಡುವ ಅಧಿಕಾರಿ ಅದನ್ನು ಹಾಗೆಯೇ ಎತ್ತಿಕೊಳ್ಳಬಹುದು. ದಂಡದ ಮೊತ್ತ ಮಾತ್ರ ಕರಡಿನಲ್ಲಿ ಸಿಗದಿರಬಹುದು. ಅದು ಕಲಂ 200ರ ಅಧಿಸೂಚನೆಯಲ್ಲಿ ಬೇರೆಯಾಗಿ ಬರುವಂಥದ್ದು, ಸಾರಿಗೆ ಇಲಾಖೆಗೆ ಅದರ ಬಗ್ಗೆ ಪ್ರತ್ಯೇಕ ಮನವಿಯನ್ನೇ ಕೊಡಬೇಕಾಗುತ್ತದೆ.